ಪಿಟೀಲಿನ ಹೊಟ್ಟೆಯೊಳಗಿನ ಕಡ್ಡಿ

ಗಲ್ಫಿನ ಮುಸಫ್ಫಾದ ಈ ಮರದ ಕಾರ್ಖಾನೆಯಲ್ಲಿ ಗರಗಸಗಳು ಬಾಯಿ ತೆರೆಯುವುದು ಏಳಕ್ಕೆ. ಕಿವಿಯ ಕೆಲಸವೆಲ್ಲ ಅದಕ್ಕೆ ಮೊದಲೇ ಆಗಬೇಕು. ಬೆಳಕು ಹರಿಯುವಾಗಲೇ ಜಯಪಾಲ ಪಿಟೀಲನ್ನು ಮಡಿಲಲ್ಲಿಟ್ಟು ಕೂತಿದ್ದಾರೆ. ಬಾಗಿದ ಸಲಾಕೆಯ ತುದಿಗೆ ಬೆರಳುದ್ದದ ಮರದ ಕಡ್ಡಿ ಚುಚ್ಚಿ, ಪಿಟೀಲಿನ ಮೇಲ್ಹಲಗೆಯ ಸೀಳಿನಿಂದ ಒಳಗಿಳಿಸುತ್ತಾರೆ. ಕಡ್ಡಿ ಬೀಳುತ್ತದೆ. ಅಲ್ಲಾಡಿಸಿ ಹೊರತೆಗೆದು ಮತ್ತೆ ಇಳಿಸುತ್ತಾರೆ.

"ಗಡಿಬಿಡಿ ಮಾಡಿದ್ರೆ ಇದು ಆಗುದಿಲ್ಲ ಮಾರಾಯ್ರೆ."

ಕಾರ್ಕಳ ಕಡೆಯ ಜಯಪಾಲ ಹಗಲಿಗೆ ಹೋಟೆಲುಗಳ ಬಾಗಿಲು, ಕಪಾಟು ಮಾಡುವ ಬಡಗಿ. ಹರೆಯದಲ್ಲಿ ಮಂಗಳೂರಿನ ವಾದ್ಯದಂಗಡಿಯಲ್ಲಿ ಈ ವಿದ್ಯೆ ಕಲಿತರು. ಇಲ್ಲಿಗೆ ಬಂದು ಹದಿನೆಂಟು ವರ್ಷವಾಯಿತು, ಬೋರ್ಡು ಹಾಕಿಲ್ಲ. ದುಬೈಯಿಂದಲೂ ಪಿಟೀಲುಗಳು ವಿಳಾಸ ಕೇಳಿಕೊಂಡು ಬರುತ್ತವೆ.

ಇಂದಿನದು ಎದುರಿಗೆ ಉಗುರು ಕಚ್ಚುತ್ತಾ ಕೂತಿರುವ ನರ್ಸ್ ಆನ್ ಮರಿಯಾ ಅವರದ್ದು. ಊರಿನಲ್ಲಿರುವ ಅವರ ಪಪ್ಪ ಕೈಯಾರೆ ಮಾಡಿದ್ದು. ಈಗ ಆ ಕೈ ನಡುಗುತ್ತದೆ, ಇನ್ನೊಂದು ಪಿಟೀಲು ಮಾಡಲಾಗದು. ವಿಮಾನ ಹತ್ತುವ ಮುಂಚೆ ತಂತಿ ಸಡಿಲಿಸಬೇಕೆಂಬುದು ಗಲ್ಫಿನವರ ಅಂಬೋಣ. ಆನ್ ಮರಿಯಾ ನಾಲ್ಕನ್ನೂ ಪೂರ್ತಿ ಸಡಿಲಿಸಿಬಿಟ್ಟರು. ಅಂಟಿಲ್ಲದೆ ತಂತಿಯ ಬಿಗಿಗೇ ನಿಂತಿದ್ದ ಕಡ್ಡಿ ಒಳಗೇ ಬಿತ್ತು, ನಾದವೂ ಹೋಯಿತು. ಇಂದು ಪಪ್ಪನ ಹುಟ್ಟುಹಬ್ಬ, ಫೋನಿನಲ್ಲಿ ನುಡಿಸಿ ಕೇಳಿಸಬೇಕು.

"ಹಾಳು ಮಾಡಿದೆ ಅಂತ ಗೊತ್ತಾದ್ರೆ ಪಪ್ಪ ಊಟ ಬಿಡ್ತಾರೆ, ಜಯಪಾಲಣ್ಣ."

ಕಡ್ಡಿ ನಿಂತಿತು. ತಂತಿ ಬಿಗಿದು ನುಡಿಸಿದರೆ ದನಿ ನೆಗಡಿ ಹಿಡಿದಂತಿದೆ. ಪಾಪ, ಆನ್ ಮರಿಯಾ ಅವರ ಮುಖ ನೋಡಲಾಗದು.

"ಹೊಸ ಕಡ್ಡಿ ಹಾಕಿದ್ರೆ ಶಬ್ದ ದೊಡ್ಡದು ಬರ್ತದೆ ಸಿಸ್ಟರ್. ಆದ್ರೆ ಅದು ನನ್ನ ಶಬ್ದ. ಪಪ್ಪನದ್ದಲ್ಲ."

ಟಾರ್ಚಿನ ಬೆಳಕು ಬಿಟ್ಟು, ಪುಟ್ಟ ಕನ್ನಡಿ ಹಿಡಿದು ಒಳಗೆ ಇಣುಕುತ್ತಾರೆ. ಕಡ್ಡಿ ಮೊದಲು ಊರಿದ್ದ ಗುರುತು ಮಾಮೂಲಿ ಜಾಗದಿಂದ ತುಸು ಒಳಗಿದೆ. ಅಭ್ಯಾಸದ ಕೈ ಎಲ್ಲ ಪಿಟೀಲಿಗೂ ನಿಲ್ಲಿಸುವಲ್ಲೇ ನಿಲ್ಲಿಸಿತ್ತು! ತಂತಿ ಕೊಂಚ ಇಳಿಸಿ, ಕಡ್ಡಿಯನ್ನು ಗುರುತಿನ ಮೇಲಕ್ಕೆ ತಳ್ಳಿ, ತಂತಿ ಹೊತ್ತ ಕುದುರೆಯನ್ನು ನೆಟ್ಟಗೆ ಮಾಡುತ್ತಾರೆ. ಈ ಸಲ ಕಮಾನು ಎಳೆದದ್ದೇ ಆನ್ ಮರಿಯಾ ಅವರ ಕಣ್ಣು ತುಂಬಿತು.

ವಿಡಿಯೋ ಕರೆಯಲ್ಲಿ ಪಪ್ಪ ಕಣ್ಣು ಮುಚ್ಚಿ ಕೇಳುತ್ತಾರೆ. ಮುಗಿದ ಮೇಲೆ ನಗುತ್ತಾ ಕೊಂಕಣಿಯಲ್ಲಿ ಹೇಳುತ್ತಾರೆ: "ನಾನು ಕೊಟ್ಟ ಹಾಗೇ ಉಂಟು. ಯಾರ ಕೈಗೂ ಕೊಡ್ಬೇಡ ಮಗಾ, ಮುಟ್ಟಿದ್ರೆ ಕೆಡಿಸ್ತಾರೆ."

ಆನ್ ಮರಿಯಾ ಫೋನನ್ನು ಜಯಪಾಲರತ್ತ ತಿರುಗಿಸಲು ಹೋಗುತ್ತಾರೆ. ಇವರು ಕೈಯಲ್ಲಾಡಿಸಿ ಬೇಡವೆನ್ನುತ್ತಾರೆ. ಕರೆ ಮುಗಿದ ಮೇಲೆ, ನಿಮ್ಮ ಹೆಸರು ಹೇಳಬಹುದಿತ್ತಲ್ಲ ಎಂದರೆ ಜಯಪಾಲರಿಗೆ ನಗು.

"ಯಾರೂ ಮುಟ್ಲಿಲ್ಲ ಅಂತ ಪಿಟೀಲು ಮಾಡಿದವ್ರೇ ಹೇಳಿದ್ರಲ್ಲ. ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಎಂತಕ್ಕೆ?"