ಭಾವನ ಗೇಮಿನ ಸುರಂಗ

ನಾನು ಸುರಂಗ ತೋಡುವವ. ಬಾವಿಯಾದರೆ ಕೆಳಗೆ ಇಳಿಯಬೇಕು. ಸುರಂಗವೆಂದರೆ ಗುಡ್ಡದ ಹೊಟ್ಟೆಯೊಳಗೆ ಅಡ್ಡಕ್ಕೆ ನುಗ್ಗಿ ನೀರು ಹುಡುಕುವುದು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಪಿಕ್ಕಾಸು ಹಿಡಿದೆ. ಕುಂಬ್ರದಿಂದ ಮಂಡೆಕೋಲಿನವರೆಗೆ ಎಷ್ಟೋ ತೋಟಗಳು ಇವತ್ತಿಗೂ ನಾನು ತಂದ ನೀರನ್ನೇ ಕುಡಿಯುತ್ತಿವೆ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆದರೆ ನನ್ನ ಮಗಳು ಒಂದು ದಿನವೂ ಸುರಂಗದೊಳಗೆ ಕಾಲಿಟ್ಟವಳಲ್ಲ. ಕರೆದರೆ "ಕೆಸರು ಅಪ್ಪ" ಎನ್ನುತ್ತಿದ್ದಳು.

ಅಂಥವಳು ಹೋದ ವರ್ಷ ದಿನಕ್ಕೆರಡು ಗಂಟೆ ಸುರಂಗದಲ್ಲಿ ಕಳೆಯತೊಡಗಿದಳು. ನನ್ನದರಲ್ಲಲ್ಲ, ಅವಳ ಮಾವನದರಲ್ಲಿ.

ಮಾವನೆಂದರೆ ನನ್ನ ಹೆಂಡತಿಯ ತಮ್ಮ, ಪುತ್ತೂರಿನ ಒಂದು ಆಫೀಸಿನಲ್ಲಿ ಗುಮಾಸ್ತ; ನಾವಿಬ್ಬರೂ ಒಬ್ಬರನ್ನೊಬ್ಬರು ಕರೆಯುವುದು ಭಾವ ಎಂದೇ. ಯಾರೂ ಹೇಳದೆ, ಯಾರೂ ಸಂಬಳ ಕೊಡದೆ, ಎರಡು ವರ್ಷ ಬಿಡುವಿನಲ್ಲಿ ಕೂತು ಒಬ್ಬನೇ ಒಂದು ಕಂಪ್ಯೂಟರ್ ಗೇಮ್ ಮಾಡಿದ್ದ. ನಾವು ಸಣ್ಣವರಿದ್ದಾಗ ಟಿವಿಗೆ ಸಿಕ್ಕಿಸಿ ಆಡುತ್ತಿದ್ದವುಗಳ ಹಾಗೆ ಎಲ್ಲವೂ ಚೌಕ ಚೌಕ ಚುಕ್ಕಿ. ಒಬ್ಬ ಕತ್ತಿಯವ, ಒಬ್ಬಳು ಮಾಟಗಾತಿ, ಗುಡ್ಡದ ಸುರಂಗದೊಳಗೆ ನಿಧಿ ಕಾಯುವ ಸರ್ಪ. ಅದನ್ನು ನಮ್ಮ ಮನೆಯ ಕಂಪ್ಯೂಟರಿಗೆ ಹಾಕಿ ಕೊಟ್ಟ ದಿನದಿಂದ ಊಟಕ್ಕೆ ಕೂತರೂ ಮಗಳದ್ದು ಒಂದೇ ಮಾತು: "ಮಾವನ ತಲೆ ನೋಡಿ ಅಪ್ಪ!" ನನಗೆ ಅನ್ನ ಇಳಿಯುತ್ತಿರಲಿಲ್ಲ. ಹೊಟ್ಟೆಕಿಚ್ಚು ಎಂದರೆ ಹೊಟ್ಟೆಯಲ್ಲೇ ಇರುವುದೆಂದು ಆಗ ತಿಳಿಯಿತು.

ಒಂದು ಭಾನುವಾರ ಭಾವ ಮನೆಗೆ ಬಂದಿದ್ದ. ಮಗಳು ಆಡುತ್ತಿದ್ದಳು. ಎಲ್ಲಾದರೂ ತಪ್ಪು ಸಿಕ್ಕೀತೆಂದು ನಾನು ಹಿಂದೆ ಕೂತು ನೋಡಿದೆ. ಸಿಕ್ಕಿತು. ಕತ್ತಿಯವ ಪಂಜು ಹಿಡಿದು ಗುಡ್ಡದೊಳಗೆ ಓಡಿದ, ಓಡಿದ. ಪಂಜು ಸುರಂಗದ ಬಾಯಲ್ಲಿ ಉರಿದ ಹಾಗೆಯೇ ಒಳಗಿನ ತುದಿಯಲ್ಲೂ ಉರಿಯಿತು.

"ಎಂತ ಭಾವ, ನಿನ್ನ ಜನ ಉಸಿರು ಬಿಡುದಿಲ್ವಾ?"

"ಎಂತಕ್ಕೆ ಭಾವ?"

"ಅಷ್ಟು ಒಳಗೆ ಗಾಳಿ ಎಲ್ಲಿ ಉಂಟು ಮಾರಾಯ? ಕ್ಯಾಂಡಲ್ ಸಣ್ಣ ಆಯ್ತು ಅಂದ್ರೆ ನಾವು ಪಿಕ್ಕಾಸು ಅಲ್ಲೇ ಬಿಟ್ಟು ಹೊರಗೆ ಬರುದು. ನಿನ್ನವ ಸರ್ಪದ ಮುಖ ನೋಡುವ ಮೊದ್ಲೇ ಸಾಯ್ತಾನೆ."

ಅವನ ಮುಖ ಸಣ್ಣದಾಗುತ್ತದೆಂದು ಕಾದೆ. ಅವನೋ, ಕಾಗದ ಪೆನ್ನು ತೆಗೆದು ಕೂತ. ಎಷ್ಟು ಒಳಗೆ ಹೋದರೆ ದೀಪ ಸಣ್ಣದಾಗುತ್ತದೆ, ಮೊದಲು ತಲೆ ಸುತ್ತುತ್ತದೋ ದೀಪ ಆರುತ್ತದೋ, ನೀರು ತೊಟ್ಟಿಕ್ಕುವುದು ಎಷ್ಟು ದೂರಕ್ಕೆ ಕೇಳುತ್ತದೆ. ಪೆದ್ದನ ಹಾಗೆ ಎಲ್ಲವನ್ನೂ ಹೇಳಿದೆ. ಅವನು ಹೋದ ಮೇಲೆ ಹೊಳೆಯಿತು: ನನ್ನದೆಂದು ಇದ್ದ ಒಂದನ್ನೂ ಕೈಯಾರೆ ಅವನಿಗೆ ಕೊಟ್ಟುಬಿಟ್ಟಿದ್ದೆ.

ಎರಡು ವಾರ ಬಿಟ್ಟು ತಿದ್ದಿದ ಗೇಮ್ ತಂದ. ಈಗ ಪಂಜು ಒಳಗೆ ಹೋದಂತೆ ಕುಗ್ಗುತ್ತಿತ್ತು. ಮಗಳು ನಾಲ್ಕು ಸಲ ಸತ್ತಳು, ಐದನೆಯ ಸಲ ಸಮಯಕ್ಕೆ ತಿರುಗಿ ಬಂದು ಕೂಗಿದಳು: "ಮಾವ, ಎಂತ ಐಡಿಯಾ ನಿಮ್ಮದು!"

"ನಂದಲ್ಲ ಮಾರಾಯ್ತಿ, ನಿನ್ನ ಅಪ್ಪಂದು."

ಸುಮ್ಮನೆ ತನ್ನದೆನ್ನಬಹುದಿತ್ತು. ಎನ್ನಲಿಲ್ಲ. ಆ ದೊಡ್ಡತನಕ್ಕೂ ನನಗೆ ಉರಿಯಿತು.

ಮಗಳು ನನ್ನ ಕಡೆ ತಿರುಗಿದಳು. "ನಿಜವಾಗಿಯೂ ಆರ್ತದಾ ಅಪ್ಪ?"

"ಬಾ, ತೋರಿಸ್ತೇನೆ."

ಮಂಡೆಕೋಲಿನಲ್ಲಿ ನಾನು ತೋಡಿದ ಹಳೆಯ ಸುರಂಗಕ್ಕೆ ಕರೆದುಕೊಂಡು ಹೋದೆ. ಕ್ಯಾಂಡಲ್ ಅವಳ ಕೈಯಲ್ಲಿ, ಬಗ್ಗಿಕೊಂಡು ನಾನು ಬೆನ್ನಿಗೆ. ಮೊಣಕಾಲಿನವರೆಗೆ ಕೆಸರು; ಅವಳು ಅದನ್ನು ತುಳಿದುಕೊಂಡೇ ಮುಂದೆ ಹೋದಳು. ತುಂಬ ಒಳಗೆ ಹೋದ ಮೇಲೆ ಜ್ವಾಲೆ ಸಣ್ಣಗಾಯಿತು. ನಾನು ಬಾಯಿ ತೆರೆಯುವ ಮೊದಲೇ ಅವಳು ನಿಂತು ಹಿಂದೆ ತಿರುಗಿದಳು. ನನ್ನ ಎದೆ ಉಬ್ಬಿತು.

"ಅಪ್ಪ," ಎಂದಳು ಮೆಲ್ಲಗೆ, "ಥೇಟ್ ಮಾವನ ಗೇಮಿನ ಹಾಗೇ ಉಂಟು!"

"ಅದು ಇದರ ಹಾಗೆ ಉಂಟು ಅಂತ ಹೇಳು" ಎಂದೆ. ಬೇಕಾದದ್ದಕ್ಕಿಂತ ಗಟ್ಟಿಯಾಗಿಯೇ ಎಂದಿರಬೇಕು. ಹೊರಗೆ ಬರುವವರೆಗೂ ಅವಳು ನಗುತ್ತಿದ್ದಳು.