ಬಿಟ್ಟ ಕ್ಯಾಚಿನ ರನ್ ಯಾರ ಲೆಕ್ಕಕ್ಕೆ

ಕೋವಿಡ್ ಬಂದು ವಿಮಾನಗಳು ನಿಂತ ವರ್ಷ ನನ್ನ ಮಾವನವರು ಅಮೆರಿಕದ ಸೆಂಟರ್‌ವಿಲ್‌ನ ನಮ್ಮ ಮನೆಯಲ್ಲಿ ಸಿಕ್ಕಿಕೊಂಡರು. ಹುಬ್ಬಳ್ಳಿಯವರು. ಪ್ರಾಯದಲ್ಲಿ ಊರಿನ ಕ್ರಿಕೆಟ್ ಕ್ಲಬ್ಬಿಗೆ ಆಫ್ ಸ್ಪಿನ್ ಹಾಕುತ್ತಿದ್ದರು. ನಮ್ಮ ಟಿವಿಯಲ್ಲಿ ಕ್ರಿಕೆಟ್ ಇರಲಿಲ್ಲ. ಜುಲೈ ಕೊನೆಗೆ ಬೇಸ್‌ಬಾಲ್ ಶುರುವಾಯಿತು. ಪ್ರೇಕ್ಷಕರಿಗೆ ಪ್ರವೇಶವಿಲ್ಲದ್ದರಿಂದ ಕುರ್ಚಿಗಳಲ್ಲಿ ರಟ್ಟಿನ ಮನುಷ್ಯರನ್ನು ಕೂರಿಸಿದ್ದರು.

“ಗದ್ದಲಾ ಮಾಡೂದಿಲ್ಲ. ಛಲೋ ಮಂದಿ” ಎಂದು ಮಾವನವರು ನೋಡುತ್ತಾ ಕೂತರು.

ಚೆಂಡೆಸೆಯುವ ಪಿಚರ್‌ನನ್ನು ಅವರು ಬೌಲರ್ ಎಂದೇ ಕರೆಯುತ್ತಿದ್ದರು. ಅವನ ಹೆಸರಿನ ಪಕ್ಕ ಇಆರ್‌ಎ ಎಂದು ಒಂದು ಅಂಕಿ ಬರುತ್ತಿತ್ತು. ಅದೇನೆಂದು ಕೇಳಿದರು. ನಾನು ಫೋನಿನಲ್ಲಿ ಹುಡುಕಿ ಹೇಳಿದೆ.

“ಒಂಬತ್ತು ಇನ್ನಿಂಗ್ಸ್‌ಗೆ, ಅಂದ್ರೆ ಒಂದು ಪೂರ್ತಿ ಆಟಕ್ಕೆ, ಸರಾಸರಿ ಎಷ್ಟು ರನ್ ಕೊಟ್ಟ ಅಂತ, ಮಾವ. ಕಡಿಮೆ ಇದ್ದಷ್ಟೂ ಒಳ್ಳೇದು. ಫೀಲ್ಡರ್ ಎರರ್ ಮಾಡಿ ಬಂದ ರನ್ ಇದರಲ್ಲಿ ಸೇರಲ್ಲ.”

“ಅಂದ್ರ, ಕ್ಯಾಚ್ ಬಿಟ್ಟರ?”

“ಅದರಿಂದ ಬಂದ ರನ್ ಬೌಲರ್ ಲೆಕ್ಕಕ್ಕಿಲ್ಲ.”

ಅವರು ಟಿವಿಯ ಸದ್ದು ಪೂರ್ತಿ ಇಳಿಸಿ ಒಂದು ಹಳೆಯ ಸಂಗತಿ ಹೇಳಿದರು. ಗದಗಿನವರ ಮೇಲೆ ಫೈನಲ್. ಸ್ಲಿಪ್ಪಿನಲ್ಲಿ ಇವರ ಜೀವದ ಗೆಳೆಯ. ಅವನು ಇವರ ಬೌಲಿಂಗಿನಲ್ಲಿ ಒಬ್ಬನೇ ಬ್ಯಾಟ್ಸ್‌ಮನ್‌ನ ಕ್ಯಾಚನ್ನು ಎರಡು ಸಲ ಬಿಟ್ಟ. ಆ ಬ್ಯಾಟ್ಸ್‌ಮನ್ ಶತಕ ಹೊಡೆದ. ಮರುವರ್ಷ ಮಾವನವರನ್ನು ತಂಡದಿಂದ ತೆಗೆದರು. ಗೆಳೆಯನ ಜೊತೆ ಜಗಳವೇನೂ ಆಗಲಿಲ್ಲ. ಮಾತು ನಿಂತಿತು, ಅಷ್ಟೆ. ಇಬ್ಬರೂ ಇಂದಿಗೂ ಒಂದೇ ಓಣಿಯಲ್ಲಿದ್ದಾರೆ.

ಮರುದಿನ ಬೆಳಿಗ್ಗೆ ಕಾಫಿ ಕುಡಿದು, ಆ ಗೆಳೆಯನಿಗೆ ಫೋನ್ ಹಚ್ಚಿಕೊಡು ಎಂದರು. ಹುಬ್ಬಳ್ಳಿಯ ನಾದಿನಿಯಿಂದ ನಂಬರ್ ತರಿಸಿ ಹಚ್ಚಿಕೊಟ್ಟೆ. ಸ್ಪೀಕರ್ ಆನ್ ಇತ್ತು.

“ಇಲ್ಲೆ ನೀ ಬಿಟ್ಟ ಕ್ಯಾಚಿನ ರನ್ ನನ್ನ ಮ್ಯಾಲೆ ಹಾಕೂದಿಲ್ಲ” ಎಂದರು ಮಾವನವರು. ಹಲೋ ಸಹ ಹೇಳಿರಲಿಲ್ಲ.

“ಎಲ್ಲೆ?” ಎಂದ ಗೆಳೆಯ ಆ ಕಡೆಯಿಂದ.

“ಅಮೆರಿಕಾದಾಗ.”

“ಅಲ್ಲೆ ಸ್ಲಿಪ್ ಇರ್ತದೇನು?”

“ಇಲ್ಲ.”

“ಛಲೋ ಆತು.”

ಅಂದಿನಿಂದ ದಿನಾ ಫೋನು. ಅತಿ ಕಡಿಮೆ ಇಆರ್‌ಎ ಇರುವ ಪಿಚರ್‌ಗಳ ಪಟ್ಟಿಯನ್ನು ಮಾವನವರು ಓದಿ ಹೇಳಬೇಕು, ಗೆಳೆಯ ಕೇಳಬೇಕು. ಪಟ್ಟಿಯಲ್ಲಿ ಮೊದಲಿದ್ದ ಒಬ್ಬ ಬಡಕಲು ಹುಡುಗನನ್ನು ಗೆಳೆಯ ತನ್ನವನೆಂದುಕೊಂಡ. ಹುಡುಗನಿಗೆ ಭುಜ ನೋವಾಗಿ ಆಟ ನಿಂತಿತು. ಪಟ್ಟಿಯಲ್ಲಿರಲು ಕನಿಷ್ಠ ಇಷ್ಟು ಇನ್ನಿಂಗ್ಸ್ ಎಸೆದಿರಬೇಕೆಂಬ ನಿಯಮವಿತ್ತು; ಅಷ್ಟಾಗದೆ ಪಟ್ಟಿಯಿಂದಲೇ ಹೊರಬಿದ್ದ.

“ಭುಜ ನೋವಾದರ ಅವನ ತಪ್ಪೇನು?” ಎಂದ ಗೆಳೆಯ.

“ಒಗೀಲಾರದವನ್ನ ಹೆಂಗ ಲೆಕ್ಕಕ್ಕ ಹಿಡೀತಾರ?” ಎಂದರು ಮಾವನವರು.

ಮತ್ತೆ ಮಾತು ನಿಂತಿತು. ನನಗೆ ಭಯವಾಯಿತು. ಈ ಸಲ ವಾರದೊಳಗೆ ಗೆಳೆಯನೇ ಫೋನ್ ಮಾಡಿದ. ಪಟ್ಟಿಯ ವಿಷಯ ಇಬ್ಬರೂ ಎತ್ತಲಿಲ್ಲ. ಓಣಿಯಲ್ಲಿ ನೀರು ಬರದಿರುವುದರ ಬಗ್ಗೆ ಮಾತಾಡಿದರು.

ವಿಮಾನ ಶುರುವಾದಾಗ ಮಾವನವರು ಹೊರಟರು. ಊರು ಮುಟ್ಟಿದ ವಾರ ನಾನು ಫೋನ್ ಮಾಡಿ, ಬೇಜಾರಾಗುತ್ತಿದೆಯಾ ಎಂದು ಕೇಳಿದೆ.

“ಇಲ್ಲವಾ. ಅವ ಬಂದಾನ. ಚಾ ಕುಡಿಯಾಕತ್ತೇವಿ, ಆಮ್ಯಾಲೆ ಮಾತಾಡೂಣು” ಎಂದು ಇಟ್ಟುಬಿಟ್ಟರು.