ಇಯರ್ ನಾಟ್ ಆಸ್ಕಿಂಗ್

ನಾವು ಹೋಗುತ್ತಿದ್ದ ಚರ್ಚಾಸ್ಪರ್ಧೆಗಳಲ್ಲಿ ಒಂದು ವಿಚಿತ್ರ ನಿಯಮವಿತ್ತು. ಒಂದು ಕಾಲೇಜಿನಿಂದ ಇಬ್ಬರು ಹೋಗಬೇಕು, ಒಬ್ಬರು ಪರ, ಇನ್ನೊಬ್ಬರು ವಿರೋಧ. ಒಂದೇ ತಂಡ, ಒಂದೇ ಬಸ್ಸು, ಒಂದೇ ಡಬ್ಬಿಯ ಚಿತ್ರಾನ್ನ. ವೇದಿಕೆ ಹತ್ತಿದ ಮೇಲೆ ಮಾತ್ರ ಶತ್ರುಗಳು. ಇಬ್ಬರ ಅಂಕ ಕೂಡಿಸಿ ಪರ್ಯಾಯ ಪಾರಿತೋಷಕ ಕೊಡುತ್ತಿದ್ದರು. ಹೀಗಾಗಿ ಎದುರಾಳಿ ನನ್ನನ್ನು ಎಷ್ಟು ಚೆನ್ನಾಗಿ ಚಚ್ಚಿದರೆ ನನಗೂ ಅಷ್ಟೇ ಲಾಭ. ಸ್ನೇಹ ಬೇರೆ, ಜಗಳ ಬೇರೆ ಎಂದು ಯಾರಾದರೂ ಹೇಳಿದರೆ ನಾನು ಇವತ್ತಿಗೂ ಒಪ್ಪುವುದಿಲ್ಲ.

ನನ್ನ ಎದುರಾಳಿ ಭದ್ರಾವತಿಯವಳು. ಅಪ್ಪ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು, ವಾಸ ಕ್ವಾರ್ಟರ್ಸಿನಲ್ಲಿ. ಪಕ್ಕದ ಮನೆಯ ತಮಿಳು, ಎದುರು ಮನೆಯ ತೆಲುಗು, ಮನೆಯೊಳಗಿನ ಕನ್ನಡ ಮೂರರಲ್ಲೂ ಬೈಯಬಲ್ಲವಳು. ದಿನಾ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಬರುತ್ತಿದ್ದಳು. ನಾನು ರಾಗಿಗುಡ್ಡದ ಕಡೆಯಿಂದ ಸೈಕಲ್ಲಿನಲ್ಲಿ. ಕಾಲೇಜು ಬಿಟ್ಟ ಮೇಲೆ ನಾವು ಸೇರುತ್ತಿದ್ದದ್ದು ವಿನೋಬನಗರದ ಒಂದು ಸೈಬರ್ ಸೆಂಟರಿನಲ್ಲಿ. ಅಲ್ಲಿ ಪ್ಲೈವುಡ್ ಹಲಗೆ ಹೊಡೆದು ಮಾಡಿದ ಗೂಡುಗಳಿದ್ದವು. ಯಜಮಾನರು ಊದುಬತ್ತಿ ಹಚ್ಚಿಕೊಂಡು ಬಾಗಿಲಲ್ಲೇ ಕೂರುತ್ತಿದ್ದರು. ಒಂದು ಗೂಡಿಗೆ ಇಬ್ಬರು ಹೋದರೆ, ‘ಏನ್ರಪ್ಪಾ, ಓದೋಕೋ?’ ಎಂದು ಕೇಳುವರು. ‘ಜಗಳಕ್ಕೆ, ಸಾರ್’ ಎಂದು ಅವಳು ಹೇಳುವಳು.

ಅದು ಚಿಕುನ್‌ಗುನ್ಯಾ ಬಂದ ವರ್ಷ. ಗಾಂಧಿಬಜಾರಿನಲ್ಲಿ ಗಟ್ಟಿಮುಟ್ಟಾದ ಗಂಡಸರೂ ಗೋಡೆ ಹಿಡಿದು ನಡೆಯುತ್ತಿದ್ದರು. ನಮ್ಮ ಕನ್ನಡ ಮೇಷ್ಟ್ರು ಎಲ್ಲಿ ಓದಿದ್ದರೋ, ಹೊಸದೊಂದು ವಿಷಯ ಹಿಡಿದುಕೊಂಡು ಬಂದರು. ಜನ ಇಂಟರ್‌ನೆಟ್ಟಿನಲ್ಲಿ ಏನು ಹುಡುಕುತ್ತಾರೆ ಎಂಬುದನ್ನು ಒಟ್ಟುಮಾಡಿದರೆ ಊರಿಗೆ ಯಾವ ಕಾಯಿಲೆ ಬಂದಿದೆ, ಜನರ ಮನಸ್ಸಿನಲ್ಲಿ ಏನಿದೆ ಎಲ್ಲ ತಿಳಿಯುತ್ತದಂತೆ. ಅದೇ ಚರ್ಚೆಯ ವಿಷಯ. ಅವಳು ಪರ, ನಾನು ವಿರೋಧ. ನನಗೆ ವಿರೋಧವೇ ಸಿಗುತ್ತಿತ್ತು. ‘ನಿನಗೆ ಪರ ಕೊಟ್ರೆ ನೀನು ಅದನ್ನೂ ವಿರೋಧಿಸ್ತೀಯ’ ಎನ್ನುವಳು.

ಸಾಮಗ್ರಿ ನಮ್ಮ ಕಣ್ಣೆದುರೇ ಇತ್ತು. ಆಗಿನ ಕಂಪ್ಯೂಟರುಗಳಲ್ಲಿ ಹುಡುಕುವ ಖಾಲಿ ಪೆಟ್ಟಿಗೆಯ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಸಾಕು, ನಮಗಿಂತ ಮುಂಚೆ ಆ ಕುರ್ಚಿಯಲ್ಲಿ ಕೂತವರು ಹುಡುಕಿದ್ದೆಲ್ಲ ಸಾಲಾಗಿ ಕೆಳಗಿಳಿಯುತ್ತಿತ್ತು. ಅಳಿಸಬೇಕು ಅನ್ನುವುದು ಯಾರಿಗೂ ಗೊತ್ತಿರಲಿಲ್ಲ, ಯಜಮಾನರಿಗೂ.

ಆ ಸಾಲು ನೋಡಿ ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ‘ಹೆಡ್ ರೌಂಡಿಂಗ್’ ಎಂದಿತ್ತು. ತಲೆ ಸುತ್ತು! ‘ಸ್ಟಮಕ್ ವಾಷಿಂಗ್ ಮಾರ್ನಿಂಗ್’ ಅಂದರೆ ಬೆಳಿಗ್ಗೆ ಹೊಟ್ಟೆ ತೊಳಸುವುದು. ‘ವೇಸ್ಟ್ ಕ್ಯಾಚಿಂಗ್’ ಏನೆಂದು ನನಗೆ ಹೊಳೆಯಲೇ ಇಲ್ಲ.

‘ಸೊಂಟ ಹಿಡ್ಕೊಂಡಿದೆ ಕಣೋ, ದಡ್ಡ’ ಎಂದಳು.

ಎಲ್ಲಕ್ಕಿಂತ ಹೆಚ್ಚು ಇದ್ದದ್ದು ‘ಚಿಕನ್ ಗುನ್ಯಾ’. ಕೋಳಿ ತಿಂದರೆ ಬರುವ ಜ್ವರವೆಂದು ಊರು ತೀರ್ಮಾನಿಸಿಬಿಟ್ಟಿತ್ತು. ಕೋಳಿ ಅಂಗಡಿಯವರು ನೊಣ ಹೊಡೆಯುತ್ತಾ ಕೂತಿದ್ದರು.

‘ನೋಡು, ನನ್ನ ವಾದ ಇಲ್ಲೇ ಗೆದ್ದಿತು’ ಎಂದೆ. ‘ಎಲ್ಲೋ ದೂರದಲ್ಲಿ ಕೂತವನು ಈ ಪದಗಳನ್ನ ಎಣಿಸ್ತಾನೆ ಅಂದ್ಕೋ. ತಲೆಸುತ್ತಿಗೆ ಸರಿಯಾದ ಇಂಗ್ಲಿಷ್ ಪದ ಇಲ್ಲಿಂದ ಒಂದೂ ಬಂದಿಲ್ಲ. ಹಾಗಾದ್ರೆ ಶಿವಮೊಗ್ಗದಲ್ಲಿ ಯಾರಿಗೂ ತಲೆ ಸುತ್ತಲ್ಲ, ಯಾರಿಗೂ ಹೊಟ್ಟೆ ತೊಳಸಲ್ಲ. ಪ್ರಪಂಚದಲ್ಲೇ ಆರೋಗ್ಯವಂತ ಊರು. ಜೊತೆಗೆ ಊರಿಗೆ ಊರೇ ಕೋಳಿ ತಿನ್ನೋಕೆ ಬಾಯಿ ಬಿಡ್ತಿದೆ ಅಂತ ಬರ್ಕೋತಾನೆ.’

‘ಅಯ್ಯೋ ಮಾರಾಯ, ಪದ ತಪ್ಪು, ನೋವು ತಪ್ಪಾ? ಡಾಕ್ಟರ ಹತ್ರ ಬಾಯಿಬಿಡದವರು ಇಲ್ಲಿ ಬಂದು ಹೇಳ್ಕೊಂಡಿದಾರೆ. ಇಷ್ಟು ಜನ ಇಷ್ಟು ನಿಜ ಬೇರೆ ಎಲ್ಲಿ ಹೇಳ್ತಾರೆ? ಇದನ್ನ ಓದೋಕೆ ನಮ್ಮೂರೋನೇ ಬೇಕು, ಅಷ್ಟೆ. ನಾನು ಓದಲಿಲ್ವಾ, ಸೊಂಟ ಹಿಡ್ಕೊಂಡಿದ್ದನ್ನ?’

‘ಯಾರು ಟೈಪ್ ಮಾಡಿದ್ದು ಅಂತ ಹೇಗೆ ಗೊತ್ತು? ಸೊಂಟ ಹಿಡ್ಕೊಂಡಿರೋದು ಅವನಿಗೋ ಅವನ ಅತ್ತೆಗೋ? ಪದ ಇರತ್ತೆ, ಕೈ ಇರಲ್ಲ.’

‘ಪದ ಇರತ್ತೆ, ಕೈ ಇರಲ್ಲ’ ಎಂದು ಅವಳು ನನ್ನ ಧ್ವನಿಯಲ್ಲೇ ಅಣಕಿಸಿದಳು. ‘ವೇದಿಕೆ ಮೇಲೆ ಇದನ್ನ ಹೇಳು. ಚಪ್ಪಾಳೆ ಬೀಳತ್ತೆ. ಆಮೇಲೆ ನಾನು ನಿನ್ನ ಸಿಪ್ಪೆ ಸುಲೀತೀನಿ.’

ಸಾಲಿನ ಕೊನೆಯ ಹತ್ತಿರ ಇನ್ನೊಂದಿತ್ತು, ‘ಲೆಫ್ಟ್ ಇಯರ್ ನಾಟ್ ಆಸ್ಕಿಂಗ್’. ನನಗೆ ನಗು ತಡೆಯಲಾಗಲಿಲ್ಲ. ಎಡಗಿವಿ ಕೇಳುತ್ತಿಲ್ಲ! ಪ್ರಶ್ನೆ ಕೇಳುವುದಕ್ಕೂ ಕೇಳಿಸಿಕೊಳ್ಳುವುದಕ್ಕೂ ನಮ್ಮಲ್ಲಿ ಒಂದೇ ಮಾತು. ಪಾಪ, ಯಾರೋ ತಪ್ಪು ಕವಲಿಗೆ ಇಳಿದುಬಿಟ್ಟಿದ್ದರು. ‘ಯಾರೋ ಮುದುಕರು’ ಎಂದು ತೀರ್ಪು ಕೊಟ್ಟೆ. ಅವಳೂ ನಕ್ಕಳು. ನನಗಿಂತ ಜೋರಾಗಿಯೇ ನಕ್ಕಳು.

ಸ್ಪರ್ಧೆ ಶಿವಮೊಗ್ಗದಲ್ಲೇ ನಡೆಯಿತು. ಎಂದಿನಂತೆ ಅವಳು ನನ್ನ ಎಡಕ್ಕೆ ಕೂತಳು. ಯಾವ ಸಭಾಂಗಣವಾಗಲಿ, ಯಾವ ಬೆಂಚಾಗಲಿ ಅವಳು ನನ್ನ ಎಡಕ್ಕೇ, ಬಸ್ಸಿನಲ್ಲೂ ಎಡಗಡೆಯ ಕಿಟಕಿಗೇ. ಅದೊಂದು ಗತ್ತು ಎಂದುಕೊಂಡಿದ್ದೆ. ಅವಳ ಭಾಷಣ ಹೇಗಿತ್ತೆಂದರೆ, ವಿರೋಧ ಮಾತಾಡಬೇಕಾಗಿದ್ದ ನನಗೇ ಒಂದು ಗಳಿಗೆ ಎಣಿಸುವವನ ಪಕ್ಷ ವಹಿಸೋಣ ಅನ್ನಿಸಿತು. ನಂತರ ಪ್ರಶ್ನೆಗಳು. ಅವಳ ಎಡಬದಿಯಲ್ಲಿ ಕೂತಿದ್ದ ಬೇರೆ ಕಾಲೇಜಿನ ಹುಡುಗ ಎದ್ದುನಿಂತು, ‘ಹಾಗಾದರೆ ಹುಡುಕದವರ ಕಾಯಿಲೆಗೆ ಏನು ಹೇಳುತ್ತೀರಿ?’ ಎಂದ. ಒಳ್ಳೆಯ ಪ್ರಶ್ನೆ. ಕಂಪ್ಯೂಟರನ್ನೇ ಮುಟ್ಟದವರು ಲೆಕ್ಕಕ್ಕಿಲ್ಲವೇ ಎಂದು ಅರ್ಥ. ಅದನ್ನು ನಾನು ಕೇಳಬೇಕಿತ್ತು ಎಂದು ಹೊಟ್ಟೆಕಿಚ್ಚಾಯಿತು.

ಅವಳು ಗಂಭೀರವಾಗಿ ಹೇಳಿದಳು: ‘ಹುಡುಗರ ಕಾಯಿಲೆ, ಹುಡುಗಿಯರ ಕಾಯಿಲೆ ಎಂಬ ಭೇದ ಯಂತ್ರಕ್ಕಿಲ್ಲ.’

ಸಭಾಂಗಣ ಹುಚ್ಚೆದ್ದು ನಕ್ಕಿತು. ಎಂಥ ಚಮತ್ಕಾರ! ಪ್ರಶ್ನೆಯನ್ನು ಹೇಗೆ ತಿರುಚಿದಳು! ತೀರ್ಪುಗಾರರೂ ತಲೆದೂಗಿ ಏನೋ ಬರೆದುಕೊಂಡರು. ತನ್ನ ತಮಾಷೆಗೆ ತಾನೇ ಮೊದಲು ನಗುವುದು ಅವಳ ಅಭ್ಯಾಸ. ಅವತ್ತು ಅವಳು ನಗಲಿಲ್ಲ. ಜನ ಯಾಕೆ ನಗುತ್ತಿದ್ದಾರೆ ಎಂದು ತಿಳಿಯಲು ನನ್ನ ಮುಖ ನೋಡಿದಳು. ‘ಹುಡುಕದವರ’ ಎಂಬುದು ಅವಳಿಗೆ ‘ಹುಡುಗರ’ ಎಂದು ಕೇಳಿಸಿತ್ತು.

ಪಾರಿತೋಷಕ ನಮಗೇ ಬಂತು. ಅದನ್ನು ಒಂದು ರಾತ್ರಿ ಅವಳ ಮನೆಯಲ್ಲಿಟ್ಟು ಮರುದಿನ ಕಾಲೇಜಿಗೆ ಒಪ್ಪಿಸುವುದು ನಾವೇ ಮಾಡಿಕೊಂಡ ಪದ್ಧತಿ. ಹಿತ್ತಾಳೆಯ ಆ ಭಾರ ಹೊರಲು ನಾನು ಭದ್ರಾವತಿಯವರೆಗೆ ಹೋಗುತ್ತಿದ್ದೆ. ಹೊರಲು ಅವಳಿಗೆ ಆಗುತ್ತಿರಲಿಲ್ಲವೇ? ಆಗುತ್ತಿತ್ತು. ಆ ಪ್ರಶ್ನೆಯನ್ನು ಇಬ್ಬರೂ ಎತ್ತುತ್ತಿರಲಿಲ್ಲ.

ಬಸ್ಸು ಮಾಚೇನಹಳ್ಳಿ ತಲುಪಿದಾಗ ಶಿಫ್ಟ್ ಬಿಟ್ಟ ಕೆಲಸಗಾರರು ಹತ್ತಿದರು. ಎಣ್ಣೆ, ಕಬ್ಬಿಣದ ವಾಸನೆಯೂ ಹತ್ತಿತು. ಗದ್ದಲವೋ ಗದ್ದಲ. ಅದೇ ಅನುಕೂಲ ಅನ್ನಿಸಿ, ಅವಳ ಬಲಗಿವಿಯ ಹತ್ತಿರ ಬಾಗಿ ಕೇಳಿದೆ:

‘ನಾಟ್ ಆಸ್ಕಿಂಗ್ ಅಂತ ಟೈಪ್ ಮಾಡಿದ್ದು ಯಾರು?’

‘ಯಾರೋ ಮುದುಕರು ಅಂತ ನೀನೇ ತೀರ್ಪು ಕೊಟ್ಟಿದ್ಯಲ್ಲ.’

‘ತೀರ್ಪು ವಾಪಸ್.’

‘ಸಾಕ್ಷಿ? ಒಂದೇ ಕಂಪ್ಯೂಟರ್, ಊರೆಲ್ಲ ಬಂದು ಕೂರತ್ತೆ. ಪದ ಇರತ್ತೆ, ಕೈ ಇರಲ್ಲ. ಯಾರ ವಾದ ಅದು?’

‘ನನ್ನದೇ. ಸಾಕ್ಷಿ ಇಲ್ಲ ಮಾರಾಯ್ತಿ. ಅದಕ್ಕೇ ಕೇಳ್ತಿದೀನಿ.’

‘ಯಾವ ಕೇಳೋದು? ಆಸ್ಕಿಂಗಾ, ಹಿಯರಿಂಗಾ?’

‘ಎರಡೂ.’

ಅವಳು ಕಿಟಕಿಯ ಗಾಜು ಎಳೆದು ಮುಚ್ಚಿದಳು. ಆಮೇಲೆ ಹೇಳಿದಳು. ಪಿಯುಸಿಯಿಂದಲೇ ಶುರುವಾಗಿತ್ತು. ಕುಕ್ಕರು ಕೂಗುವ ಮೊದಲು ಬುಸುಗುಡುತ್ತದಲ್ಲ, ಅಂಥ ಸದ್ದು ಎಡಗಿವಿಯೊಳಗೆ. ಅಮ್ಮ ಉಷ್ಣ ಅಂದರು, ಬೆಳ್ಳುಳ್ಳಿ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ ಬಿಟ್ಟರು. ಸದ್ದು ಉಳಿಯಿತು, ಉಳಿದ ಸದ್ದುಗಳು ಹೋದವು. ಭದ್ರಾವತಿಯ ಸೈಬರಿನಲ್ಲಿ ಕೂತರೆ ಸಂಜೆಯೊಳಗೆ ಅಪ್ಪನ ಶಿಫ್ಟಿಗೆಲ್ಲ ಸುದ್ದಿ. ಅದಕ್ಕೇ ವಿನೋಬನಗರ.

‘ಹಿಯರಿಂಗ್ ಅನ್ನೋ ಪದ ಗೊತ್ತಿರಲಿಲ್ವಾ ನಿಂಗೆ?’

‘ಗಾಬರೀಲಿ ಕನ್ನಡದಲ್ಲೇ ಬಂತು ಕಣೋ. ಏನು ಸಿಕ್ತು ಗೊತ್ತಾ? ಮಕ್ಕಳು ಪ್ರಶ್ನೆ ಕೇಳದೇ ಇದ್ರೆ ತಾಯ್ತಂದೆಯರು ಏನು ಮಾಡ್ಬೇಕು ಅಂತ. ಅದನ್ನೂ ಕೂತು ಪೂರ್ತಿ ಓದಿದೆ.’

ಇಬ್ಬರೂ ನಕ್ಕೆವು. ನಗು ನಿಂತ ಮೇಲೆ, ‘ಬಲಗಿವೀಲೂ ಸದ್ದು ಬರ್ತಿದೆ ಈಗ’ ಎಂದಳು. ‘ಗೊತ್ತಾದ್ರೆ ವೇದಿಕೆಯಿಂದ ಇಳಿಸ್ತಾರೆ. ಎದುರಿನವರ ಮಾತು ಕೇಳದವಳು ಅದೆಂಥ ಚರ್ಚೆ ಮಾಡ್ತಾಳೆ?’

ನಮ್ಮೂರಿನಲ್ಲಿ ಎದುರಿನವರ ಮಾತು ಕೇಳಿ ಚರ್ಚೆ ಮಾಡಿದವರು ಯಾರಿದ್ದಾರೆ ಎಂದೆ. ಅದು ಒಳ್ಳೆಯ ವಾದವಾಗಿತ್ತು. ಅವಳು ನಗಲಿಲ್ಲ.

ಮಾರನೆಯ ದಿನ ಅದೇ ಗೂಡಿನಲ್ಲಿ ಕೂತು, ಈ ಸಲ ಸರಿಯಾದ ಪದ ಹಾಕಿ ಹುಡುಕಿದೆವು. ನಾನು ಪ್ರತಿ ಪುಟಕ್ಕೂ ‘ಇದನ್ನು ಬರೆದವನು ಯಾರು, ಇವನಿಗೇನು ಗೊತ್ತು’ ಎಂದು ಗೊಣಗುತ್ತಿದ್ದೆ. ‘ಬಾಯಿ ಮುಚ್ಚು, ಓದೋಕೆ ಬಿಡು’ ಎಂದಳು. ಓದಿದ್ದೆಲ್ಲ ಒಂದೇ ಕಡೆಗೆ ತೋರಿಸಿತು, ಡಾಕ್ಟರ ಹತ್ತಿರ ಹೋಗು. ಅವಳು ಅಮ್ಮನಿಗೆ ಹೇಳಿದಳು, ಅಮ್ಮ ಅಪ್ಪನಿಗೆ. ಕಿವಿಯೊಳಗಿನ ಸಣ್ಣ ಮೂಳೆಯೊಂದು ಬಿಗಿದುಕೊಂಡಿದೆ, ಆಪರೇಷನ್ ಮಾಡಿ ನೋಡಬಹುದು, ಖಾತ್ರಿ ಕೊಡಲಾಗದು ಎಂದರಂತೆ ಡಾಕ್ಟರು. ಡಿಗ್ರಿ ಪರೀಕ್ಷೆ ಮುಗಿದ ವಾರ ಆಪರೇಷನ್ನಿಗೆಂದು ಅವಳು, ಅಪ್ಪ, ಅಮ್ಮ ಮಂಗಳೂರಿಗೆ ಹೋದರು. ಅಲ್ಲಿ ಅವಳ ಸೋದರತ್ತೆಯ ಮನೆಯಿತ್ತು.

ಆ ರಜೆಯಲ್ಲಿ ನಾನು ಕೆಲಸವಿಲ್ಲದೆಯೂ ಸೈಬರ್ ಸೆಂಟರಿಗೆ ಹೋಗಿ ಕೂರುತ್ತಿದ್ದೆ. ಖಾಲಿ ಪೆಟ್ಟಿಗೆಯ ಮೇಲೆ ಕ್ಲಿಕ್ ಮಾಡಿದರೆ ಆ ಸಾಲು ಇನ್ನೂ ಅಲ್ಲೇ ಇತ್ತು. ಹೊಸಬರ ನೋವುಗಳು ಬಂದು ಸೇರುತ್ತಿದ್ದವು. ಹೆಡ್ ರೌಂಡಿಂಗ್ ಹಾಗೇ ಇತ್ತು, ವೇಸ್ಟ್ ಕ್ಯಾಚಿಂಗ್ ಹಾಗೇ ಇತ್ತು. ಮೊದಲು ಜೋಕಿನಂತೆ ಕಂಡಿದ್ದವು, ಈಗ ಒಂದೊಂದರ ಹಿಂದೆಯೂ ಒಬ್ಬೊಬ್ಬರು ಕೂತು ಸುತ್ತಮುತ್ತ ನೋಡಿ ಟೈಪು ಮಾಡಿದಂತೆ ಕಾಣುತ್ತಿತ್ತು. ನನ್ನ ವಾದ ಬಿದ್ದುಹೋಯಿತು ಎನ್ನುತ್ತಿಲ್ಲ, ಎಣಿಸುವವನಿಗೆ ಇವೆಲ್ಲ ಈಗಲೂ ಗೊತ್ತಾಗುವುದಿಲ್ಲ. ಆದರೆ ಸೊಂಟ ಹಿಡಿದುಕೊಂಡದ್ದನ್ನು ಓದುವವಳು ಪಕ್ಕದಲ್ಲಿ ಇಲ್ಲದಿದ್ದರೆ ಗೆದ್ದ ವಾದ ಇಟ್ಟುಕೊಂಡು ಏನು ಮಾಡುವುದು? ನನ್ನ ಎಡಗಡೆಯ ಕುರ್ಚಿಯ ಮೇಲೆ ಯಜಮಾನರು ಹಳೆಯ ಕೀಬೋರ್ಡು ಪೇರಿಸಿಟ್ಟಿದ್ದರು.

ಒಂದು ಮಧ್ಯಾಹ್ನ ಯಜಮಾನರು, ‘ಏ ಜಗಳ, ನಿನಗೆ ಫೋನು!’ ಎಂದು ಕೂಗಿದರು. ನಮ್ಮ ಮನೆಯಲ್ಲಿ ಆಗ ಫೋನಿರಲಿಲ್ಲ, ಅವಳಿಗೆ ಗೊತ್ತಿದ್ದದ್ದು ಇದೇ ನಂಬರು.

‘ಕಟ್ಟು ಬಿಚ್ಚಿದ್ರು ಮಾರಾಯ. ಈಗ ರಿಸೀವರ್ ಎಡಗಿವಿಗೆ ಹಿಡ್ಕೋತೀನಿ. ಡಾಕ್ಟ್ರು ಅವಸರ ಮಾಡ್ಬೇಡ ಅಂದಿದಾರೆ, ಆದ್ರೂ ನೋಡಣ. ನೀನು ಏನಾದ್ರೂ ಹೇಳು. ಕೂಗ್ಬೇಡ, ಯಾವಾಗ್ಲೂ ಮಾತಾಡೋ ಹಾಗೆ ಹೇಳು. ಒನ್, ಟೂ... ಹಾಂ, ಇಟ್ಕೊಂಡೆ.’

ಬಾಯಿಗೆ ಬಂದಿದ್ದು ‘ಮಾನ್ಯ ತೀರ್ಪುಗಾರರೇ’. ಅದನ್ನು ನುಂಗಿಕೊಂಡೆ. ಯಜಮಾನರು ಊದುಬತ್ತಿ ತರಲು ಒಳಗೆ ಹೋಗಿದ್ದರು. ಭದ್ರಾವತಿಯವರೆಗಿನ ಅಷ್ಟೊಂದು ಬಸ್ಸುಗಳಲ್ಲಿ, ಆ ಹಿತ್ತಾಳೆಯ ಭಾರ ತೊಡೆಯ ಮೇಲಿಟ್ಟುಕೊಂಡು, ಅವಳ ಕೇಳುವ ಕಿವಿಯ ಪಕ್ಕದಲ್ಲೇ ಕೂತು ಹೇಳದೇ ಉಳಿದಿದ್ದ ಒಂದು ವಾಕ್ಯವಿತ್ತು. ಅದನ್ನು ಆ ಎಡಗಿವಿಗೆ ಹೇಳಿದೆ. ಯಾವಾಗಲೂ ಮಾತಾಡುವ ಹಾಗೆಯೇ ಹೇಳಿದೆ.

ಅತ್ತ ಕಡೆ ಸದ್ದಿಲ್ಲ. ಉತ್ತರಕ್ಕೆ ಅವಳು ಎಂದೂ ಅಷ್ಟು ಹೊತ್ತು ತೆಗೆದುಕೊಂಡವಳಲ್ಲ.

‘ಏನೂ ಕೇಳಿಸ್ಲಿಲ್ಲ ಮಾರಾಯ’ ಎಂದಳು ಕೊನೆಗೆ. ‘ಬರೀ ಕುಕ್ಕರ್ ಸದ್ದು. ಇರು, ಬಲಗಿವಿಗೆ ಇಟ್ಕೊಂಡೆ. ಈಗ ಹೇಳು, ಏನಂದೆ?’

‘ಕೋಳಿ ರೇಟು ಮತ್ತೆ ಏರಿದೆ ಅಂದೆ.’

ಅವಳು ನಕ್ಕಳು. ನಗು ಸ್ವಲ್ಪ ತಡವಾಗಿ ಬಂತು. ಲೈನು ಹಾಗಿತ್ತೋ, ಅವಳೇ ಹಾಗಿದ್ದಳೋ.

ಎಡಗಿವಿ ಹಾಗೇ ಉಳಿಯಿತು ಎಂದು ಆಮೇಲೆ ತಿಳಿಯಿತು. ಬಲಗಿವಿ ಕೆಡದಂತೆ ನೋಡಿಕೊಳ್ಳಲು ಅವಳು ಅಲ್ಲೇ ನಿಂತಳು, ಬಿ.ಎಡ್. ಸೇರಿದಳು. ಈಗ ಕರಾವಳಿಯ ಒಂದು ಶಾಲೆಯಲ್ಲಿ ಪಾಠ ಮಾಡುತ್ತಾಳಂತೆ. ಅವಳ ತರಗತಿಯಲ್ಲಿ ಪ್ರಶ್ನೆ ಕೇಳುವ ಮಕ್ಕಳು ಎದ್ದು ಮೇಜಿನ ಬಲಗಡೆಗೆ ಬಂದು ನಿಂತೇ ಕೇಳಬೇಕಂತೆ. ಸೈಬರ್ ಸೆಂಟರಿನಲ್ಲಿ ಹೊಸ ಕಂಪ್ಯೂಟರುಗಳು ಬಂದಿವೆ, ಆ ಹಳೆಯ ಸಾಲು ಹೋಯಿತು.

ಈಗ ಪೇಪರುಗಳಲ್ಲಿ ಆ ವಿಷಯ ಆಗಾಗ ಬರುತ್ತದೆ, ಹುಡುಕಾಟದಿಂದ ಜ್ವರ ಪತ್ತೆ, ದುಃಖ ಪತ್ತೆ ಎಂದು. ನಾನು ಇನ್ನೂ ವಿರೋಧದಲ್ಲೇ ಇದ್ದೇನೆ, ಸಾಕ್ಷಿ ತೋರಿಸಿ ಎನ್ನುತ್ತೇನೆ. ಆ ಮಧ್ಯಾಹ್ನದ ಒಂದು ವಿಷಯದಲ್ಲಿ ಮಾತ್ರ ನನಗೆ ಸಾಕ್ಷಿ ಬೇಕಿಲ್ಲ. ಫೋನು ಇಡುವ ಮೊದಲು ಅವಳು, ‘ಇನ್ನೇನಾದ್ರೂ ಕೇಳೋದಿದೆಯಾ?’ ಎಂದಳು.

ಕೇಳಿಸಿತೇ ಎಂದು ನಾನು ಕೇಳಲಿಲ್ಲ.